ಕಂದಕನಾಡಿನ ಮೊಹರು

ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ಚಾಮರಾಜನಗರದ ನನ್ನ ಮನೆಗೆ ಆಗಾಗ ಬರುತ್ತಾರೆ. ಕಾಫಿ ಮುಗಿಯುವವರೆಗೆ ಮಕ್ಕಳ ಕಲಿಕೆಯ ಬಗ್ಗೆ ಕೇಳುತ್ತಾರೆ, ಲೋಟ ಕೆಳಗಿಟ್ಟ ಮೇಲೆ ವರ್ಗಾವಣೆಯ ಬಗ್ಗೆ ಕೇಳುತ್ತಾರೆ. ಎರಡನೆಯದರಲ್ಲಿ ನಾನು ದಡ್ಡ. ಮೊದಲನೆಯದರಲ್ಲೂ ನನ್ನ ಹತ್ತಿರ ಇರುವುದು ನಾನು ಮಾಡಿಕೊಂಡ ಎಡವಟ್ಟುಗಳೇ. ಬಡ್ತಿ ಬಂತು, ಶಾಲು ಹೊದಿಸಿದರು, ಅದೆಲ್ಲ ಆಯಿತು. ಆ ಶಾಲುಗಳಲ್ಲಿ ಒಂದು ಈಗ ನಮ್ಮ ಮನೆಯ ಹೊಲಿಗೆ ಯಂತ್ರದ ಮೇಲಿದೆ, ಇನ್ನೊಂದು ಮಿಕ್ಸಿಯ ಮೇಲಿದೆ. ಅವುಗಳ ಬಗ್ಗೆ ಬರೆಯಲು ಏನೂ ಇಲ್ಲ. ಎಡವಟ್ಟುಗಳಲ್ಲಿ ಒಂದನ್ನು ಮಾತ್ರ ಬರೆದಿಡುತ್ತೇನೆ. ಕೆಲಸ ಹೋಗುತ್ತದೆ ಎಂದು ನಾನು ನಿಜವಾಗಿ ಹೆದರಿದ್ದು ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಆಗ ಒಂದೇ ಸಲ.

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು, ಕಂಪ್ಯೂಟರ್ ಪಹಣಿ ಬಂದ ಹೊಸತು. ನಾನು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿಯಲ್ಲಿ ಏಳನೇ ತರಗತಿಯ ಮೇಷ್ಟ್ರಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಬಸ್ಸು ಹತ್ತಿ ಬಂದು, ನಮ್ಮ ಬಗ್ಗೆ ಇಷ್ಟೇನಾ ಬರೆದಿರೋದು ಎಂದು ಜಗಳ ತೆಗೆಯುತ್ತಾರೆ. ಶಾಲೆಯ ಹೆಡ್‌ಮಾಸ್ಟರು ಗುರುಮಲ್ಲಪ್ಪನವರು. ಅವರು ಪ್ರಪಂಚದಲ್ಲಿ ಎರಡಕ್ಕೆ ಮಾತ್ರ ಹೆದರುತ್ತಿದ್ದರು: ಒಂದು ಜೀಪಿನ ಶಬ್ದ, ಇನ್ನೊಂದು ಸ್ಟಾಕ್ ರಿಜಿಸ್ಟರ್. ಶಾಲೆಗೆ ಬಂದ ಯಾವ ವಸ್ತುವೂ ಆ ರಿಜಿಸ್ಟರಿನ ಒಳಗೆ ಹೋಗದೆ ಇರುವಂತಿರಲಿಲ್ಲ. ಒಮ್ಮೆ ಒಳಗೆ ಹೋದದ್ದು ಹೊರಗೆ ಬರುವಂತೆಯೂ ಇರಲಿಲ್ಲ.

ಆ ವರ್ಷ ನಮ್ಮ ಶಾಲೆಯ ಒಂದೇ ಒಂದು ಭಾರತದ ಭೂಪಟಕ್ಕೆ ಗೆದ್ದಲು ಹಿಡಿಯಿತು. ಬೇಸಿಗೆ ರಜೆ ಮುಗಿಸಿ ಬಂದು ಬಿಚ್ಚಿದರೆ ದಖ್ಖನ್ನಿನಿಂದ ಗಂಗಾ ಬಯಲಿನವರೆಗೆ ಏನೂ ಉಳಿದಿರಲಿಲ್ಲ. ಹಿಮಾಲಯ ಮೇಲೆ, ಕನ್ಯಾಕುಮಾರಿ ಕೆಳಗೆ, ನಡುವೆ ನನ್ನ ಮುಖ ಕಾಣುತ್ತಿತ್ತು. ಹೊಸದಕ್ಕೆ ಬರೆಯಿರಿ ಎಂದು ಹೆಡ್‌ಮಾಸ್ಟರನ್ನು ಕೇಳಿದೆ.

"ಎಂಗ್ರೀ ಬರೆಯೋದು?" ಎಂದರು ಗುರುಮಲ್ಲಪ್ಪನವರು. "ರಿಜಿಸ್ಟರ್‌ನಲ್ಲಿ ಭಾರತ ಒಂದು, ಸುಸ್ಥಿತಿಯಲ್ಲಿದೆ ಅಂತ ಅದೆ. ಇರೋದ ಇಲ್ಲ ಅಂತ ಬರೆದ್ರ ನನ್ನ ಕೇಳ್ತಾರೆ."

ಹಾಗಾಗಿ ಭೂಪಟವಿಲ್ಲದೆ ಪಾಠ ಶುರು ಮಾಡಿದೆ. ದೇಶ ಅಂದರೇನು ಎಂದು ಕೇಳಿದೆ. ಮೂವತ್ತೊಂದು ಮಕ್ಕಳೂ ಪುಸ್ತಕದ ಉತ್ತರವನ್ನು ಒಂದೇ ರಾಗದಲ್ಲಿ ಒಪ್ಪಿಸಿದರು. ಗಡಿ ಅಂದರೇನು ಎಂದೆ. ಅದು ಪುಸ್ತಕದಲ್ಲಿ ಇರಲಿಲ್ಲ. ಕೇರಳಕ್ಕೆ ಈರುಳ್ಳಿ ಲಾರಿ ಓಡಿಸುವವನ ಮಗ ಕುಮಾರ ಎದ್ದು ನಿಂತ.

"ಗಡಿ ಅಂದ್ರ ಚೆಕ್‌ಪೋಸ್ಟು ಸಾ. ಕೆಂಪು ಬಿಳಿ ಬಳ್ದಿರೋ ಗಳ ಇರ್ತದೆ. ಅದ ಎತ್ತೋ ಗಂಟ ನಾವು ಈ ಕಡೆ, ಎತ್ತುದ್ ಮ್ಯಾಲ ಆ ಕಡೆ."

ತರಬೇತಿಗಳಲ್ಲಿ ನಾನು ಎಷ್ಟೋ ವ್ಯಾಖ್ಯೆಗಳನ್ನು ಬರೆದುಕೊಂಡಿದ್ದೇನೆ, ಇಷ್ಟು ಸ್ಪಷ್ಟವಾದದ್ದು ಯಾವುದೂ ಇಲ್ಲ. ಸರಿ, ನಮ್ಮದೇ ಒಂದು ದೇಶ ಮಾಡೋಣ, ಗಡಿ ಎಲ್ಲಿ ಹಾಕೋಣ ಹೇಳಿ ಎಂದೆ. ಮಕ್ಕಳು ಕಿಟಕಿಯಾಚೆ ಕೈ ತೋರಿಸಿದರು. ಆನೆ ಬರದಿರಲಿ ಎಂದು ಅರಣ್ಯ ಇಲಾಖೆಯವರು ತೋಡಿಸಿದ ಕಂದಕ ಅಲ್ಲಿತ್ತು. ಕಂದಕದ ಈಚೆ ನಾವು, ಆಚೆ ಆನೆ. ಇನ್ನೇನು ಬೇಕು? ದೇಶಕ್ಕೆ ಕಂದಕನಾಡು ಎಂದು ಹೆಸರಿಟ್ಟರು. ಅದಕ್ಕೆ ಮೊದಲು ತಮ್ಮ ಮೆಚ್ಚಿನ ಸಿನಿಮಾ ನಟನ ಹೆಸರಿಡಬೇಕೆಂದು ಎರಡು ದಿನ ಹೊಡೆದಾಡಿಕೊಂಡರು. ಎರಡು ಬಣದ ಇಬ್ಬರು ನಟರಾದ್ದರಿಂದ ದೇಶ ಹುಟ್ಟುವ ಮೊದಲೇ ಒಡೆಯುವುದರಲ್ಲಿತ್ತು.

ಹಗ್ಗಕ್ಕೆ ಗಂಟು ಹಾಕಿ ಅಳೆದು ನಕ್ಷೆ ಬರೆದರು. ಪ್ರಮಾಣ ಎಂದರೇನು ಎಂದು ನಾನು ಹೇಳಿಕೊಡಬೇಕಾಗಲಿಲ್ಲ. ಮೊದಲ ನಕ್ಷೆಯಲ್ಲಿ ಶಾಲೆಗಿಂತ ಹುಣಸೆಮರವೇ ದೊಡ್ಡದಾಗಿ ಬಂದು ಅವರವರೇ ಬೈದಾಡಿಕೊಂಡು ಕಲಿತರು. ಸಮುದ್ರ ಬೇಕೇ ಬೇಕೆಂದು ಹಟ ಹಿಡಿದರು. ಅಲ್ಲಿ ಒಬ್ಬರೂ ಸಮುದ್ರ ನೋಡಿದವರಿಲ್ಲ. ಮತಕ್ಕೆ ಹಾಕಿ, ಗೋಪಾಲಸ್ವಾಮಿ ಬೆಟ್ಟದ ಹಿಂದೆ ಒಂದು ಸಮುದ್ರ ಇಟ್ಟರು. ಅಲ್ಲಿಂದ ಶಾಲೆಯ ಕಡೆಗೆ ಒಂದು ನದಿಯನ್ನೂ ಹರಿಸಿದರು. ಸಮುದ್ರದಿಂದ ಹೊರಟು ಬೆಟ್ಟ ಹತ್ತಿ ಇಳಿಯುವ ನದಿ! ಒಂದು ಕೊಡ ನೀರು ತರಿಸಿ, ಇದನ್ನು ಬೆಟ್ಟ ಹತ್ತಿಸಿ ತೋರಿಸಿ ಎಂದೆ. ಒಂದು ಮಧ್ಯಾಹ್ನವಿಡೀ ಕಂದಕದ ಏರಿಯ ಮೇಲೆ ನೀರು ಸುರಿದು, ಮೈಯೆಲ್ಲ ಕೆಸರಾಗಿ, ನದಿಯನ್ನು ತಿರುಗಿಸಿ ಬರೆದರು. ಮನೆಗಳಲ್ಲಿ ಬೈಗುಳ ತಿಂದದ್ದು ನಾನು.

ಹುದ್ದೆ ಹಂಚುವಾಗ ರಾಜ ಆಗಲು ಯಾರೂ ಮುಂದೆ ಬರಲಿಲ್ಲ. ಒಂಬತ್ತು ಜನ ಚೆಕ್‌ಪೋಸ್ಟು ಬೇಕೆಂದರು. ಕುಮಾರ ಗಳ ಎತ್ತುವವನಾದ. ಮರುದಿನ ಹೆಡ್‌ಮಾಸ್ಟರ ಬೈಕು ಗೇಟಿನಲ್ಲೇ ನಿಂತಿತು. ಸೈಕಲ್ ಸ್ಟ್ಯಾಂಡು ನೆರೆರಾಷ್ಟ್ರಕ್ಕೆ ಸೇರಿದ್ದರಿಂದ ಹೆಡ್‌ಮಾಸ್ಟರು ದೇಶದಿಂದ ದೇಶಕ್ಕೆ ಬರುತ್ತಿದ್ದೇನೆಂದು ಬರೆದುಕೊಡಬೇಕಿತ್ತು. ಅವರು ಬರೆದುಕೊಟ್ಟರು. ಕಾಗದ ಕೇಳಿದರೆ ಕೊಡದೆ ಇರುವ ಸ್ವಭಾವ ಅವರದಲ್ಲ. ಆದರೆ ಅಡುಗೆಯ ಪುಟ್ಟಮ್ಮನ ಸಾರಿನ ಪಾತ್ರೆಯನ್ನು ಆಮದು ಎಂದು ತಡೆದು, ಸಾರು ಆರಿಹೋಗುವ ತನಕ ತಪಾಸಣೆ ಮಾಡಿದ ದಿನ, ಊಟದ ಹೊತ್ತಿನಲ್ಲಿ ಗಡಿ ತೆರೆದಿರತಕ್ಕದ್ದು ಎಂದು ಆದೇಶ ಹೊರಡಿಸಿದರು.

ತಹಶೀಲ್ದಾರ್ ಹುದ್ದೆ ಕೇಳಿದ್ದು ಒಬ್ಬಳೇ, ಚಿಕ್ಕತಾಯಿ. ಇವಳ ವಿಷಯ ಸ್ವಲ್ಪ ಹೇಳಬೇಕು. ತರಗತಿಯಲ್ಲಿ ಎಲ್ಲರಿಗಿಂತ ಚುರುಕು, ಸುಮ್ಮನೆ ಕೂರುವ ಜಾತಿಯಲ್ಲ. ಜೂನ್ ತಿಂಗಳಲ್ಲೇ ಅವಳಪ್ಪ ಮಾದಪ್ಪ ನನ್ನನ್ನು ಕಂಡು ಖಂಡಿತವಾಗಿ ಹೇಳಿಹೋಗಿದ್ದ.

"ಏಳ್ನೇ ಕ್ಲಾಸ್ ಗಂಟ ಮೇಷ್ಟ್ರೆ. ಆಮ್ಯಾಕ ಅವಳವ್ವನ ಜೊತ್ಗ ಚೆಂಡೂವ ಕುಯ್ಯಕ್ಕ ಓಗ್ಲಿ. ಐಸ್ಕೂಲ್ಗ ಅಂದ್ರ ಗುಂಡ್ಲುಪೇಟ್ಗ ಓಗ್ಬೇಕು. ಎಣ್ಣುಡ್ಗಿ ದಿನಾ ಬಸ್ನಲ್ಲಿ ಓಗದು ಬರದು ನಂಗ ಆಗಲ್ಲ."

"ನೋಡೋಣ ಮಾದಪ್ಪ" ಎಂದೆ.

"ನೋಡದೇನಿಲ್ಲ. ಏಳ್ಬುಟ್ಟಿವ್ನಿ."

ಆ ವರ್ಷ ಪಾಠ ಮಾಡುವಾಗಲೆಲ್ಲ ಈ ಮಾತು ನನ್ನ ತಲೆಯಲ್ಲಿತ್ತು. ಅವಳ ತಲೆಯಲ್ಲೂ ಇತ್ತು ಎಂದು ಆಮೇಲೆ ತಿಳಿಯಿತು.

ತಹಶೀಲ್ದಾರ್ ಯಾಕಮ್ಮ, ಮಂತ್ರಿಯಾಗು ಎಂದರೆ ಅವಳು ಒಪ್ಪಲಿಲ್ಲ. ಮೊದಲ ಕಾನೂನು ಅವಳೇ ಬರೆದಳು: ಅರ್ಜಿ ತಂದವರಿಗೆ 'ನಾಳೆ ಬಾ' ಎನ್ನತಕ್ಕದ್ದಲ್ಲ, ನಿಂತ ಕಾಲಲ್ಲೇ ಉತ್ತರ ಹೇಳತಕ್ಕದ್ದು. ನಮ್ಮ ಕಡೆ ಹಳ್ಳಿಗಳಲ್ಲಿ ದೆವ್ವ ಒಳಗೆ ಬರದಿರಲಿ ಎಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ದೆವ್ವ ದಿನವೂ ಬಂದು, ಓದಿ, ವಾಪಸು ಹೋಗುತ್ತದೆ ಎಂಬುದು ಲೆಕ್ಕಾಚಾರ.

"ದೆವ್ವುಕ್ಕ ಏಳದ ನಾಡಕಚೇರೀಲಿ ನಮ್ಮಪ್ಪನ್ಗೂ ಏಳ್ತಾರೆ ಸಾ," ಎಂದಳು ಚಿಕ್ಕತಾಯಿ. "ತಾತ ಸತ್ತು ಐದೊರ್ಸ ಆಯ್ತು. ಜಮೀನ್ ಖಾತೆ ಅಪ್ಪನ ಎಸ್ರುಗ ಆಗಿಲ್ಲ. ಅಪ್ಪನೂ ಓಗ್ತದೆ, ಬತ್ತದೆ."

ಎರಡನೆಯ ಕಾನೂನು ಬಂದದ್ದು ಒಂದು ಅನಾಹುತದಿಂದ. ಜನಗಣತಿಯ ಪಾಠಕ್ಕೆಂದು ಮಕ್ಕಳನ್ನು ಮನೆಮನೆಗೆ ಕಳಿಸಿ ಕಂದಕನಾಡಿನ ಮಕ್ಕಳ ಸಂಖ್ಯೆ ಬರೆಸಿದ್ದೆ. ಕಂದಕನಾಡಿನ ಸ್ವಾತಂತ್ರ್ಯ ದಿನ ಎಂದು ಅವರೇ ಗೊತ್ತುಮಾಡಿದ ದಿನ ಊರಿನ ಎಲ್ಲ ಮಕ್ಕಳಿಗೂ ಪಾಯಸ. ಪುಟ್ಟಮ್ಮ ಅದೇ ಗಣತಿ ನೋಡಿ ಪಾಯಸ ಮಾಡಿದಳು. ಅರ್ಧ ಸಾಲಿಗೆ ಪಾತ್ರೆ ತಳ ಕಂಡಿತು. ವಿಚಾರಿಸಿದರೆ, ಗಣತಿಗೆ ಹೋದ ಗಂಡುಹುಡುಗರು ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಬರೆದೇ ಇರಲಿಲ್ಲ.

"ಅವ್ರು ಮದ್ವೆ ಆಗಿ ಬ್ಯಾರೆ ದೇಸ್ಕ ಓಗೋರಲ್ವ ಸಾ" ಎಂದ ಕುಮಾರ. ಅವನಿಗೆ ಅದು ತಪ್ಪು ಎಂದೇ ಅನ್ನಿಸಿರಲಿಲ್ಲ.

ತಳದಲ್ಲಿ ಉಳಿದಿದ್ದ ಪಾಯಸವನ್ನು ಹುಡುಗಿಯರು ಮುಂದೆ ಕೂತು ತಿಂದರು. ಗಣತಿದಾರರಿಗೆ ಪಾತ್ರೆ ತೊಳೆಯುವ ಕೆಲಸ ಬಂತು. ಎಣಿಸುವಾಗ ಎಲ್ಲರನ್ನೂ ಎಣಿಸತಕ್ಕದ್ದು ಎಂಬ ಎರಡನೆಯ ಕಾನೂನು ಅವತ್ತೇ ಮೊದಲನೆಯದರ ಕೆಳಗೆ ಗೋಡೆಗೆ ಹತ್ತಿತು. ನಾನು ಎಷ್ಟು ಸಲ ಭಾಷಣ ಮಾಡಿದ್ದರೂ ಅದು ಹುಡುಗರ ತಲೆಗೆ ಹೋಗುತ್ತಿರಲಿಲ್ಲ, ಪಾಯಸ ತಪ್ಪಿದ ಮೇಲೆ ಹೋಯಿತು.

ಸರ್ಕಾರ ಎಂದ ಮೇಲೆ ಮೊಹರು ಬೇಡವೆ? ಹರಿದ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಕುಮಾರ ಬ್ಲೇಡಿನಿಂದ ಕೆತ್ತಿದ. ಒತ್ತಿ ನೋಡಿದರೆ ಅಕ್ಷರವೆಲ್ಲ ಬಲದಿಂದ ಎಡಕ್ಕೆ. ವಿಜ್ಞಾನದ ಕನ್ನಡಿ ಪಾಠವನ್ನು ನಾನು ಅಲ್ಲೇ ಮುಗಿಸಿದೆ. ಎರಡನೇ ಚಪ್ಪಲಿ ಸರಿಯಾಗಿ ಬಂತು. ನಡುವೆ ಸೊಂಡಿಲೆತ್ತಿದ ಆನೆ, ಕೆಳಗೆ ಒಂದು ಈರುಳ್ಳಿ, ಸುತ್ತ 'ಕಂದಕನಾಡು ಸರ್ಕಾರ'. ನೇರಳೆ ಶಾಯಿಯಲ್ಲಿ ಒತ್ತಿದರೆ ಯಾವ ಕಚೇರಿಯ ಮೊಹರಿಗೂ ಕಡಿಮೆ ಇರಲಿಲ್ಲ.

ಒಂದು ಶನಿವಾರ ಮಾದಪ್ಪ ಯಾವುದೋ ಸಹಿಗೆಂದು ಶಾಲೆಗೆ ಬಂದವನು ಹುಣಸೆಮರದ ಕೆಳಗೆ ಮಗಳ ಕಚೇರಿ ನಡೆಯುವುದನ್ನು ನೋಡಿ ನಕ್ಕ. ತಮಾಷೆಗೆ ತನ್ನ ಖಾತೆಯ ಕಾಗದದ ಗಂಟನ್ನು ಅವಳ ಮುಂದಿಟ್ಟು, "ತಗಳಿ ತಾಸೀಲ್ದಾರ್ರೇ, ನೀವಾರ ಮಾಡ್ಕೊಡಿ" ಎಂದ. ಚಿಕ್ಕತಾಯಿ ನಗಲಿಲ್ಲ. ಗಂಟು ಬಿಚ್ಚಿ ಒಂದೊಂದೇ ಹಾಳೆ ತೆಗೆದು ನೋಡಿದಳು. ವಂಶವೃಕ್ಷ ಎಂದು ಬರೆದಿದ್ದ ಹಾಳೆಯಲ್ಲಿ ಮೇಲೆ ತಾತನ ಹೆಸರು, ಒಂದು ಗೆರೆ, ಕೆಳಗೆ ಮಾದಪ್ಪನ ಹೆಸರು.

"ಇದು ಮರ ಅಲ್ಲ ಕಣಪ್ಪ, ಕೋಲು" ಎಂದಳು. "ಅತ್ತೇರು ಎಲ್ಲಿ?"

"ಎಣ್ಮಕ್ಕಳ ಎಸ್ರು ಯಾಕಮ್ಮಿ? ಅವ್ರು ಕೊಟ್ಟ ಮನೇಲಿ ಅವ್ರೆ."

"ಎಲ್ಲಾರ್ನೂ ಎಣಿಸ್ಬೇಕು. ಕಾನೂನು ಅದೆ, ಗ್ವಾಡೆ ಮ್ಯಾಲ ನೋಡು."

ಮಾದಪ್ಪ ಗೋಡೆ ನೋಡಿದ, ನನ್ನನ್ನು ನೋಡಿದ. ನಾನು ಹುಣಸೆಮರ ನೋಡಿದೆ. ಮುಂದಿನ ಎರಡು ಭಾನುವಾರ ಚಿಕ್ಕತಾಯಿ ಅಜ್ಜಿಯನ್ನು ಕಟ್ಟಿಕೊಂಡು ಒಮ್ಮೆ ಬದನಗುಪ್ಪೆಗೆ, ಒಮ್ಮೆ ಪುಣಜನೂರಿಗೆ ಹೋಗಿ ಬಂದಳು. ತಕರಾರಿಲ್ಲ ಎಂದು ಇಬ್ಬರು ಅತ್ತೆಯರಿಂದಲೂ ಬರೆಸಿಕೊಂಡು ಬಂದಳು. ಶಾಲೆಯಲ್ಲಿ ಅದನ್ನು ರಾಯಭಾರ ಎಂದು ದಾಖಲು ಮಾಡಿದರು. ಬದನಗುಪ್ಪೆಯ ಅತ್ತೆ ಮರದ ಚಿತ್ರ ನೋಡಿ, "ನನ್ನೆಸ್ರೂ ಬರೆದಿದ್ದೀಯಲ್ಲ ಕಣಮ್ಮಿ, ನಂಗ ಅಷ್ಟೇ ಸಾಕು" ಎಂದು ಅತ್ತಳಂತೆ. ಇದನ್ನು ಚಿಕ್ಕತಾಯಿ ನನಗೆ ಹೇಳುವಾಗ ಅತ್ತೆ ಯಾಕೆ ಅತ್ತಳು ಎಂಬುದು ಅವಳಿಗೆ ಅರ್ಥವಾಗಿರಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿ ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಇನ್ನು ನನ್ನ ಎಡವಟ್ಟು. ಪತ್ರಲೇಖನದ ಪಾಠವೂ ಆಗಲಿ ಎಂದು ಖಾತೆಯ ಅರ್ಜಿಯನ್ನು ಎರಡು ಪ್ರತಿ ಬರೆಸಿದ್ದೆ. ಒಂದು ಮೊಹರು ಒತ್ತಿ ಕಂದಕನಾಡಿನ ಕಡತಕ್ಕೆ, ಇನ್ನೊಂದು ಮೊಹರಿಲ್ಲದೆ ಮಾದಪ್ಪ ನಾಡಕಚೇರಿಗೆ ಕೊಡುವುದಕ್ಕೆ. ಬರೆಸಿದ ಶನಿವಾರ ಬಸ್ಸಿಗೆ ಹೊತ್ತಾಗಿತ್ತು. ಅವಸರದಲ್ಲಿ ಒಂದನ್ನು ತೆಗೆದು ಮಾದಪ್ಪನ ಕೈಗಿಟ್ಟು ಓಡಿದೆ. ಸೋಮವಾರ ಕಡತ ತೆಗೆದರೆ ಮೊಹರಿಲ್ಲದ್ದು ಅಲ್ಲೇ ಇದೆ. ಮಾದಪ್ಪ ಬೆಳಿಗ್ಗೆಯೇ ಇನ್ನೊಂದನ್ನು ಕೊಟ್ಟು ಬಂದಾಗಿತ್ತು. ಆನೆ, ಈರುಳ್ಳಿ, ಜೊತೆಗೆ ಕೆಳಗೆ ದುಂಡನೆಯ ಅಕ್ಷರಗಳಲ್ಲಿ: 'ಪರಿಶೀಲಿಸಿದೆ. ನಾಳೆ ಬಾ ಎನ್ನತಕ್ಕದ್ದಲ್ಲ. ತಹಶೀಲ್ದಾರ್, ಕಂದಕನಾಡು.'

ಗುರುಮಲ್ಲಪ್ಪನವರಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಕೂತಿದ್ದವರು ಎದ್ದರು, ಎದ್ದವರು ಮತ್ತೆ ಕೂತರು.

"ಸುಳ್ಳು ಮೊಹರು ಅಂತ ಕೇಸಾಗ್ತದೆ ಮೇಷ್ಟ್ರೆ. ನಿಮ್ಮ ಕೆಲ್ಸ ಓಯ್ತದೆ. ನಂದು ಪಿಂಚಣಿ. ಬೈಕಿಗ ಬರ್ಕೊಟ್ಟಿದ್ದ ಕಾಗದ ಬ್ಯಾರೆ ಅದೆ, ನನ್ನ ಸಹಿ ಅದೆ."

ಒಂದು ವಾರ ಅವರು ಊಟದ ಡಬ್ಬಿ ತೆರೆಯಲಿಲ್ಲ. ನಾನು ತೆರೆದು ಮುಚ್ಚುತ್ತಿದ್ದೆ. ನನಗೆ ಕೆಲಸಕ್ಕಿಂತ ಬೇರೆ ಚಿಂತೆ ಹೆಚ್ಚಾಗಿತ್ತು. ಅರ್ಜಿ ಬಿದ್ದುಹೋದರೆ ಮಗಳ ಓದಿನಿಂದಲೇ ಕೆಲಸ ಕೆಟ್ಟಿತು ಎಂದು ಮಾದಪ್ಪ ಸಾಯುವ ತನಕ ಹೇಳುತ್ತಾನೆ. ಅವಳನ್ನು ಪರೀಕ್ಷೆಗೂ ಕೂರಿಸುವುದಿಲ್ಲ.

ಎಂಟನೆಯ ದಿನ ಗ್ರಾಮಲೆಕ್ಕಿಗರು ಬಂದರು. ಜೀಪಿನಲ್ಲಲ್ಲ, ಮೊಪೆಡ್‌ನಲ್ಲಿ. ಚೆಕ್‌ಪೋಸ್ಟಿನಲ್ಲಿ ಕುಮಾರ ತಡೆದಾಗ ಯಾವ ಗಲಾಟೆಯೂ ಮಾಡದೆ ಹೆಸರು ಬರೆದುಕೊಟ್ಟು ಒಳಗೆ ಬಂದರು. ಕೈಯಲ್ಲಿ ನಮ್ಮ ಅರ್ಜಿ.

"ಇಲ್ಲಿ ಕಂದಕನಾಡಿನ ತಹಶೀಲ್ದಾರ್ ಯಾರು?"

ಗುರುಮಲ್ಲಪ್ಪನವರು ನನ್ನ ಕಡೆ ಬೆರಳು ತೋರಿಸಿದರು. ನಾನು ನಾಚಿಕೆಬಿಟ್ಟು ಚಿಕ್ಕತಾಯಿಯ ಕಡೆ ತೋರಿಸಿದೆ. ಅವಳು ಎದ್ದು ನಿಂತು ಕೈಕಟ್ಟಿಕೊಂಡಳು.

"ಈ ವಂಶವೃಕ್ಷ ಬರೆದೋಳು ನೀನೇನಮ್ಮ?"

"ಊಂ ಸಾ."

"ನಿಮ್ಮಪ್ಪನಿಗೆ ಪೂರ್ತಿ ಬರ್ಕೊಂಡ್ ಬಾ ಅಂತ ಏಳಿ ಏಳಿ ಸಾಕಾಯ್ತು. ಅವ್ನು ಪ್ರತಿ ಸಲಾನೂ ಅದೇ ಹಾಳೇನ ಹೊಸದಾಗಿ ಜೆರಾಕ್ಸ್ ಮಾಡ್ಸಿ ತರ್ತಿದ್ದ." ಅವರು ನನ್ನ ಕಡೆ ತಿರುಗಿದರು. "ಇದು ಸರಿಯಾಗಿ ಅದೆ ಮೇಷ್ಟ್ರೆ. ಅತ್ತೇರ ಒಪ್ಪಿಗೆ ಸಮೇತ ಅದೆ. ಈ ಮೇಲಿನ ಪುಟ ಮಾತ್ರ ವಾಪಸ್ ತಗೊಂಡು, ಆನೆ ಇಲ್ಲದ್ದು ಒಂದು ಕೊಡಿ. ಸಾಹೇಬ್ರು ನಗ್ತಾ ಕೂತವ್ರೆ, ಕೆಲ್ಸ ಸಾಗ್ತಿಲ್ಲ."

ಸ್ವಲ್ಪ ದಿನದಲ್ಲಿ ಖಾತೆ ಆಯಿತು. ಕೆಲಸ ಮಾಡಿದ್ದು ಮರ. ಆದರೆ ಊರವರು ನಂಬಿದ್ದು ಮೊಹರನ್ನು. ಮರುದಿನದಿಂದಲೇ ರೇಷನ್ ಕಾರ್ಡು, ವಿಧವಾ ವೇತನ, ಕೊನೆಗೆ ಎಮ್ಮೆ ಕಳೆದುಹೋದ ದೂರು ಹಿಡಿದುಕೊಂಡು ಶಾಲೆಯ ಗೇಟಿನಲ್ಲಿ ಸಾಲು ನಿಂತಿತು. "ಒಂದು ಒತ್ತಿ ಕೊಟ್ಬುಡಿ ಮೇಷ್ಟ್ರೆ, ನಿಮ್ಗೇನ್ ಓಗದು" ಎನ್ನುವವರು. ಗುರುಮಲ್ಲಪ್ಪನವರು ಮೊಹರನ್ನು ಕಿತ್ತುಕೊಂಡು, ಇದನ್ನು ನಾನೇ ಕಂದಕಕ್ಕೆ ಎಸೆದು ಬರುತ್ತೇನೆ ಎಂದು ಒಂದು ಸಂಜೆ ಹೊರಟರು. ಕಂದಕನಾಡು ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಕುಮಾರ ಮಾತ್ರ ಗಳ ಬಿಡಲಿಲ್ಲ.

ಪರೀಕ್ಷೆಗೆ ಮೂವತ್ತೊಂದು ಮಕ್ಕಳೂ ಕೂತರು. ಭೂಗೋಳದ ಪತ್ರಿಕೆಯಲ್ಲಿ ಕುಮಾರ ನಮ್ಮ ದೇಶದ ದಕ್ಷಿಣಕ್ಕೆ ಆನೆ ಇದೆ ಎಂದು ಬರೆದನಂತೆ, ಆದರೂ ಪಾಸಾದ. ಚಿಕ್ಕತಾಯಿ ಶಾಲೆಗೇ ಮೊದಲು ಬಂದಳು. ಫಲಿತಾಂಶದ ದಿನ ಮಾದಪ್ಪ ಬಂದ. ಖಾತೆಯಾದ ಖುಷಿಗೆ ನನಗೊಂದು ಕುಂಬಳಕಾಯಿ ತಂದಿದ್ದ, ಆದರೆ ಜೂನ್ ತಿಂಗಳ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ನಾನೇ ಬಾಯಿ ಬಿಡಬೇಕೆಂದುಕೊಳ್ಳುವಷ್ಟರಲ್ಲಿ ಚಿಕ್ಕತಾಯಿ ಬಂದು ಅಪ್ಪನ ಮುಂದೆ ನಿಂತು ಒಂದು ಹಾಳೆ ನೀಡಿದಳು.

"ಏನಮ್ಮಿ ಇದು?"

"ಅರ್ಜಿ."

ಮಾದಪ್ಪ ಓದುವುದು ನಿಧಾನ. ಒಂದೊಂದೇ ಅಕ್ಷರ ಕೂಡಿಸಿ ಓದಿದ. ವಿಷಯ: ಎಂಟನೇ ತರಗತಿಗೆ ಸೇರಿಸುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ. ಎಲ್ಲ ಕ್ರಮವಾಗಿತ್ತು. ತರಗತಿಯವರೆಲ್ಲ ಸುತ್ತ ನೆರೆದಿದ್ದರು. ಮಾದಪ್ಪ ಹಾಳೆ ಮಡಚಿದ.

"ಆಯ್ತು ಕಣಮ್ಮಿ, ಮನೆಗ ನಡಿ. ನಾಳ..."

ಅಷ್ಟಕ್ಕೇ ನಿಲ್ಲಿಸಿದ. ಮೂವತ್ತು ಮಕ್ಕಳೂ ಗೋಡೆಯ ಕಡೆ ತಿರುಗಿ ನೋಡಿದರು. ಮಾದಪ್ಪನೂ ನೋಡಿದ. ಐದು ವರ್ಷ ಆ ಮಾತನ್ನು ಕೇಳಿಸಿಕೊಂಡವನು ಅವನೇ. ಅವನ ಮುಖ ಕೆಂಪಗಾಯಿತು. ಹಾಳೆಯನ್ನು ಮತ್ತೆ ಬಿಡಿಸಿ, ಎಲ್ಲಾದರೂ ತಪ್ಪು ಸಿಗುತ್ತದೋ ಎಂದು ಹಿಂದೆ ಮುಂದೆ ತಿರುಗಿಸಿದ.

"ಇದ್ಕ ಮೊಹರು ಇಲ್ವಲ್ಲ" ಎಂದ.

ಚಿಕ್ಕತಾಯಿಯ ಮುಖ ಸಣ್ಣದಾಯಿತು. ಮೊಹರು ಕಂದಕದಲ್ಲಿತ್ತು. ಆಗ ಗುರುಮಲ್ಲಪ್ಪನವರು ಎದ್ದು ಹೋಗಿ ಬೀರುವಿನ ಬೀಗ ತೆಗೆದರು. ಚೂರುಚೂರಾದ ಭಾರತದ ಸುರುಳಿಯ ಪಕ್ಕದಿಂದ ಚಪ್ಪಲಿಯ ಅಟ್ಟೆಯನ್ನು ತೆಗೆದು ತಂದರು.

"ಎಸೆದೆ ಅಂದ್ರಲ್ಲ ಸಾರ್?" ಎಂದೆ.

"ಎಂಗ್ರೀ ಎಸೆಯೋದು? ಬಂದ್ ದಿನಾನೇ ಸ್ಟಾಕಿಗ ತಗೊಂಡ್ಬುಟ್ಟಿದ್ದೆ. ಮೊಹರು ಒಂದು, ಸುಸ್ಥಿತಿಯಲ್ಲಿದೆ."

ಶಾಯಿಗೆ ಅದ್ದಿ, ಜೀಪಿನ ಶಬ್ದಕ್ಕೆ ಹೆದರುವ ಆ ಮನುಷ್ಯ ತಮ್ಮ ಕೈಯಾರೆ ಅರ್ಜಿಯ ಮೇಲೆ ಒತ್ತಿದರು. ಆನೆ ಚೆನ್ನಾಗಿ ಮೂಡಿತು.

ಮಾದಪ್ಪ ಹಾಳೆಯ ಹಿಂದೆ ಲಗತ್ತಿಸಿದ್ದ ಮರವನ್ನು ನೋಡಿದ. ಮೇಲೆ ಅವನಪ್ಪ, ಕೆಳಗೆ ಅವನು, ಅವನ ಎರಡೂ ಪಕ್ಕದಲ್ಲಿ ಅಕ್ಕ ತಂಗಿ, ಅವನ ಕೆಳಗೆ ಇಬ್ಬರು ಗಂಡುಮಕ್ಕಳು.

"ನೀ ಎಲ್ಲಿದ್ದೀಯಮ್ಮಿ ಇದ್ರಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು. ತಮ್ಮಂದಿರಿಗಿಂತ ಮೊದಲು, ಹಿರಿಯಳಾದ್ದರಿಂದ ಎಡಗಡೆಗೆ. ಮಾದಪ್ಪ ಆ ಹೆಸರಿನ ಮೇಲೆ ತನ್ನ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ. ಆಮೇಲೆ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದ.

"ಬಸ್ ಪಾಸ್ಗ ಪೋಟೊ ಎಷ್ಟ್ ಬೇಕು ಮೇಷ್ಟ್ರೆ?"

"ಎರಡು" ಎಂದೆ.